ಕಣ್ಣು ಮುಚ್ಚಿ ಕೂತವನ ತಾಳ

ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತೇವೆ. ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ತಲೆಗೆ ರುಮಾಲು ಸುತ್ತಿ, ಬಿದಿರಿನಲ್ಲಿ ವಿಮಾನ ಕಟ್ಟಿ, ಅದರೊಳಗೆ ಚಕ್ಕಳಮಕ್ಕಳ ಹಾಕಿಸಿ ಕೂರಿಸಿ, ಮೈತುಂಬ ಹೂವು ಹಾಕುತ್ತೇವೆ. ಮುಂದೆ ಸಮಾಳ ಬಡಿಯುವವರು, ಅವರ ಹಿಂದೆ ಭಜನೆಯವರು. ಆ ಭಜನೆಯವರ ನಡುವೆ ಕೊರಳಿಗೆ ಹಾರ್ಮೋನಿಯಂ ನೇತುಹಾಕಿಕೊಂಡು ಬೆವರು ಸುರಿಸುತ್ತ ನಡೆಯುವ ಮನುಷ್ಯ ನಾನು. ಚನ್ನಗಿರಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು ಎಂದು ಕೇಳಿದರೆ ಯಾರಾದರೂ ನನ್ನ ಮನೆ ತೋರಿಸುತ್ತಾರೆ. ಸತ್ತ ಮನೆಗೆ ಹಾರ್ಮೋನಿಯಂ, ಮದುವೆ ಮನೆಗೆ ಕೀಬೋರ್ಡ್. ಬೆರಳು ಅವೇ, ಅಂಗಿ ಮಾತ್ರ ಬದಲು.

ಇಷ್ಟು ವರ್ಷದಲ್ಲಿ ಯಾರಿಗೆ ಯಾವ ಪದ ಹಾಡಬೇಕು ಎಂಬ ಬಗ್ಗೆ ನನಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ. ಹೋದ ವರ್ಷ ಬಂತು. ಒಬ್ಬ ಮನುಷ್ಯ ಸತ್ತಿದ್ದಾನೋ ಬದುಕಿದ್ದಾನೋ ಎಂದು ತಿಳಿಯದೆ ಅವನಿಗಾಗಿ ಸಂಗೀತ ಮಾಡಬೇಕಾಗಿ ಬಂತು. ಆ ಗೊಂದಲ ಇನ್ನೂ ಪೂರ್ತಿ ಇಳಿದಿಲ್ಲ. ಬರೆದರೆ ಇಳಿದೀತೆಂದು ಬರೆಯುತ್ತಿದ್ದೇನೆ.

ಶುರುವಾದದ್ದು ಹೊನ್ನಾಳಿಯಿಂದ. ಅಲ್ಲಿಯ ಕಾಲೇಜಿನಲ್ಲಿ ಗಣಿತ ಹೇಳುವ ಲೆಕ್ಚರರ್ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಅವರ ತಾತ ಒಂದು ಕಾಲದಲ್ಲಿ ಟೂರಿಂಗ್ ಟಾಕೀಸ್ ನಡೆಸುತ್ತಿದ್ದವರು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಆ ಕಡೆ ಜಗಳೂರಿನ ತನಕ ಡೇರೆ ಕಟ್ಟಿ ಸಿನಿಮಾ ತೋರಿಸಿದವರು. ಆ ತಾತನಿಗೆ ಒಂದು ಹುಚ್ಚು ಇತ್ತಂತೆ. ಚಾವಿ ಕೊಟ್ಟು ಓಡಿಸುವ ಸಣ್ಣ ಕ್ಯಾಮೆರಾ ಒಂದನ್ನು ಎಲ್ಲಿಂದಲೋ ತರಿಸಿ, ಡೇರೆ ಹಾಕಿದ ಊರಿನ ಜನರನ್ನೇ ತೆಗೆಯುತ್ತಿದ್ದರಂತೆ. ಮುಂಬಯಿಗೆ ಕಳಿಸಿ ತೊಳೆಸಿ ತರಿಸಿ, ಮುಂದಿನ ಸಲ ಆ ಊರಿಗೆ ಬಂದಾಗ ದೊಡ್ಡ ಸಿನಿಮಾಕ್ಕಿಂತ ಮೊದಲು ಇದನ್ನು ತೋರಿಸುವುದು. ತಮ್ಮ ಮುಖ ತಾವೇ ನೋಡಲು ಜನ ಮುಗಿಬೀಳುತ್ತಿದ್ದರಂತೆ. ಆಮೇಲೆ ಡೇರೆ ಹೋಯಿತು, ತಾತ ಹೋದರು, ಫಿಲ್ಮಿನ ಡಬ್ಬಿಗಳು ಅಟ್ಟ ಸೇರಿದವು. ಅವುಗಳಲ್ಲಿ ಬಹಳಷ್ಟು ಅಂಟಿಕೊಂಡು ಹಾಳಾಗಿ ನಾಲ್ಕು ಮಾತ್ರ ಉಳಿದಿದ್ದವು. ಲೆಕ್ಚರರ್ ಅವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದಿದ್ದರು.

“ಶಬ್ದ ಇಲ್ಲ ಮೇಷ್ಟ್ರೇ, ಮೂಕ ಚಿತ್ರ. ಹಿಂಗೇ ತೋರಿಸಿದ್ರೆ ಜನ ಐದು ನಿಮಿಷಕ್ಕೆ ಮೊಬೈಲ್ ತೆಗೀತಾರೆ. ನೀವು ಸಂಗೀತ ಮಾಡಿಕೊಡ್ರಿ, ಹೊನ್ನಾಳೀಲಿ ಒಂದು ಭಾನುವಾರ ತೋರ್ಸಾನ” ಎಂದರು.

ಯಾಕೆ ಒಪ್ಪಿಕೊಂಡೆನೋ. ಸಿನಿಮಾಕ್ಕೆ ಸಂಗೀತ ಎಂಬ ಮಾತು ಕೇಳಿ ತಲೆ ತಿರುಗಿರಬೇಕು. ನನ್ನ ಹೆಂಡತಿಯಂತೂ ಅವರು ಹೋದ ಮೇಲೆ, “ಇದೊಂದು ಬಾಕಿ ಇತ್ತು ನೋಡ್ರಿ, ಅಂತೂ ಸಿನಿಮಾದೋರು ಆದ್ರಿ” ಎಂದು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು.

ಡಬ್ಬಿಯ ಮೇಲೆ ಊರ ಹೆಸರು ಬಿಟ್ಟರೆ ಬೇರೆ ಏನೂ ಬರೆದಿರಲಿಲ್ಲ. ಒಂದರಲ್ಲಿ ಸಂತೇಬೆನ್ನೂರಿನ ಹೊಂಡಕ್ಕೆ ಹುಡುಗರು ಮೇಲಿನಿಂದ ಹಾರುತ್ತಾರೆ. ಒಂದರಲ್ಲಿ ಹೊನ್ನಾಳಿಯ ಹೊಳೆ ದಾಟುವ ದೋಣಿ, ಅದನ್ನು ಹತ್ತಲು ಒಪ್ಪದ ಎಮ್ಮೆ. ಇನ್ನೊಂದು ನ್ಯಾಮತಿಯ ಸಂತೆ. ಬಳೆಗಾರನ ಮುಂದೆ ಕೈ ಚಾಚಿ ಕೂತ ಒಬ್ಬಳು ಕ್ಯಾಮೆರಾ ಕಂಡು ಕೈ ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಈ ಮೂರಕ್ಕೂ ನನಗೆ ಕಷ್ಟವಾಗಲಿಲ್ಲ. ಹಾರುವ ಹುಡುಗರಿಗೆ ಕೀಬೋರ್ಡಿನಲ್ಲಿ ಜಲತರಂಗ ಬಾರಿಸಿದೆ. ದೋಣಿಗೆ ಹುಟ್ಟಿನ ಸದ್ದು ನಿಜವಾದದ್ದೇ ಇರಲೆಂದು ಹೊನ್ನಾಳಿಗೆ ಹೋಗಿ ಹೊಳೆಯ ದಂಡೆಯಲ್ಲಿ ಮೊಬೈಲ್ ಹಿಡಿದು ಕೂತೆ. ಬಂದದ್ದೆಲ್ಲ ಸೇತುವೆಯ ಮೇಲಿನ ಲಾರಿ ಹಾರ್ನು. ಕೊನೆಗೆ ಮನೆಯ ಬಕೆಟ್ಟಿನ ನೀರಿನಲ್ಲಿ ಅನ್ನದ ಸೌಟು ಆಡಿಸಿ ಹೊಳೆ ಮಾಡಿದೆ. ಬಳೆಗಾರನ ಹತ್ತಿರ ಬಂದಾಗ ಹೆಂಡತಿ ತನ್ನ ಕೈಬಳೆ ಅಲ್ಲಾಡಿಸಿಕೊಟ್ಟಳು, ಅದಕ್ಕೆ ಒಂದು ಸೀರೆ ಆಗಬೇಕು ಎಂದೂ ಹೇಳಿದಳು.

ನಾಲ್ಕನೆಯದು ಜಗಳೂರಿನ ಡಬ್ಬಿ. ಎರಡೂಮುಕ್ಕಾಲು ನಿಮಿಷ. ಜಾಲಿಗಿಡಗಳ ನಡುವಿನ ಬಿಳಿ ದಾರಿ. ಮುಂದೆ ಸಮಾಳ, ಹಿಂದೆ ಭಜನೆ. ನಾಲ್ಕು ಜನರ ಹೆಗಲ ಮೇಲೆ ವಿಮಾನ. ಅದರೊಳಗೆ ಮೂವತ್ತು ಮೂವತ್ತೈದರ ಒಬ್ಬ ಗಂಡಸು, ರುಮಾಲು ಸುತ್ತಿ, ವಿಭೂತಿ ಬಳಿದುಕೊಂಡು, ಕಣ್ಣು ಮುಚ್ಚಿ ಕೂತಿದ್ದಾನೆ. ಪಕ್ಕದಲ್ಲಿ ಬಿದಿರಿನ ಕೋಲು ಹಿಡಿದು ಒಂದು ಸಣ್ಣ ಹೆಣ್ಣುಮಗು ನಡೆಯುತ್ತದೆ. ಹಿಂದಿನಿಂದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಬರುತ್ತಾರೆ. ದಾರಿ ತಿರುಗುತ್ತದೆ, ಚಿತ್ರ ಮುಗಿಯುತ್ತದೆ.

ಇದಕ್ಕೆ ಏನು ಹಾಡಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೂವಿನ ನಡುವೆ ಕಣ್ಣು ಮುಚ್ಚಿ ಕೂತು ನಾಲ್ಕು ಜನರ ಹೆಗಲೇರಿದವನು ನಮ್ಮ ಕಡೆ ಇನ್ನೇನಾಗಿರಲು ಸಾಧ್ಯ? ಎಷ್ಟು ಚಿಕ್ಕ ವಯಸ್ಸು, ಪಾಪ, ಆ ಕೂಸನ್ನು ಬಿಟ್ಟು ಹೋದನಲ್ಲ ಎಂದು ಮೊದಲ ಸಲ ನೋಡಿದಾಗಲೇ ಅಂದುಕೊಂಡೆ.

ಕಷ್ಟವಾದದ್ದು ಲಯ. ಆ ಚಾವಿ ಕ್ಯಾಮೆರಾ ಒಂದೇ ಸಮ ಓಡುತ್ತಿರಲಿಲ್ಲ ಎಂದು ಕಾಣುತ್ತದೆ. ಜನ ಒಮ್ಮೆ ಕುಪ್ಪಳಿಸಿದಂತೆ ನಡೆಯುತ್ತಾರೆ, ಒಮ್ಮೆ ಎಳೆದೆಳೆದು ನಡೆಯುತ್ತಾರೆ. ಸಮಾಳದ ಕೋಲು ಒಂದು ಕಡೆ, ನಡೆಯುವವರ ಕಾಲು ಒಂದು ಕಡೆ, ನನ್ನ ಹಾಡು ಮೂರನೆಯ ಕಡೆ. ನಾಲ್ಕು ದಿನ ಒದ್ದಾಡಿದೆ. ಐದನೆಯ ದಿನ ಪರದೆ ನೋಡುತ್ತ ನೋಡುತ್ತ ಲಯ ತಾನಾಗಿ ಕೈಗೆ ಬಂತು. ಎಲ್ಲಿಂದ ಬಂತು ಎಂದು ನನಗೂ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದು ಹೇಳುವುದುಂಟೇ? ಲೆಕ್ಚರರಿಗೆ ಫೋನು ಮಾಡಿ, “ಅನುಭವ ಸಾರ್, ಅನುಭವ. ಎಷ್ಟು ಹೆಣದ ಮುಂದೆ ನಡೆದಿದೀನಿ” ಎಂದು ಕೊಚ್ಚಿಕೊಂಡೆ.

ಸತ್ತವರ ಮನೆಯಲ್ಲಿ ಹಾಡುವ ತತ್ವಪದವನ್ನೇ ನಿಧಾನಕ್ಕೆ ಹಾಡಿ, ಹಾರ್ಮೋನಿಯಂ ನುಡಿಸಿ, ಚಿತ್ರಕ್ಕೆ ಸೇರಿಸಿದೆ. ನನ್ನ ಹಾಡಿಗೆ ನಾನೇ ಕಣ್ಣೊರೆಸಿಕೊಳ್ಳುತ್ತಿರುವಾಗ ಹೆಂಡತಿ ಬಟ್ಟೆ ಮಡಚುತ್ತ ಬಂದು ನಿಂತು ನೋಡಿದಳು.

“ಈ ಹಿಂದಿನ ಹೆಂಗಸು ಯಾಕ್ರೀ ನಗ್ತಾಳೆ?”

“ನಗೋದಲ್ಲ, ಅಳೋದು.”

“ಅಳೋರು ಹಿಂಗೆ ಭುಜ ಕುಣಿಸ್ತಾರಾ? ಪಕ್ಕದೋಳಿಗೆ ಮೊಣಕೈಯಿಂದ ತಿವೀತಾಳೆ ನೋಡ್ರಿ.”

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಹಾಡಿಗೆ ಅಳದೆ ಹೆಂಗಸರ ಭುಜ ನೋಡುತ್ತಾಳಲ್ಲ ಎಂದು. “ನಿಂಗೇನು ಗೊತ್ತು ಸಾವಿನ ವಿಷಯ, ಹೋಗಿ ಅನ್ನಕ್ಕಿಡು” ಎಂದು ಗದರಿದೆ. ಅವಳು ಅನ್ನಕ್ಕಿಡಲಿಲ್ಲ, ಆ ಮಧ್ಯಾಹ್ನ ನಾನೇ ಇಡಬೇಕಾಯಿತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರೆ. ಆ ಗಾದೆ ನನಗೇ ಎಂದು ಅವತ್ತು ಹೊಳೆಯಲಿಲ್ಲ.

ತೋರಿಸುವ ಮೊದಲು ಆ ಸತ್ತವನ ಕಡೆಯವರು ಯಾರಾದರೂ ಇದ್ದರೆ ಒಂದು ಮಾತು ಕೇಳಬೇಕು ಎಂದವರು ಲೆಕ್ಚರರ್. ಅವರ ಕಾರಿನಲ್ಲಿ ಜಗಳೂರಿಗೆ ಹೋದೆವು. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತ ಕೂತವರಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದೆವು. ಒಬ್ಬ ಮುದುಕರು ದಾರಿಯ ತಿರುವಿನಲ್ಲಿರುವ ಬಂಡೆ ನೋಡಿ ಊರು ಗುರುತು ಹಿಡಿದರು. ಜಗಳೂರಿನಿಂದ ನಾಲ್ಕು ಮೈಲಿ. ಅಲ್ಲಿ ಹೋಗಿ ವಿಚಾರಿಸಿದರೆ, ಕೊನೆಯ ಮನೆಯ ಅಜ್ಜಿಗೆ ಹಳೆಯದೆಲ್ಲ ಗೊತ್ತು, ಕೇಳಿ ಎಂದರು.

ಅಜ್ಜಿ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಎಪ್ಪತ್ತು ದಾಟಿದ ವಯಸ್ಸು, ಗಟ್ಟಿ ಮೈ. ಲೆಕ್ಚರರ್ ಪಕ್ಕದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದರು. ಚಿತ್ರ ಶುರುವಾಗುತ್ತಲೇ ಅಜ್ಜಿ ಬೀಜ ಬಿಡಿಸುವುದನ್ನು ನಿಲ್ಲಿಸಿದರು. ವಿಮಾನ ಹತ್ತಿರ ಬಂದಾಗ ಹುಣಸೆಹಣ್ಣಿನ ಕೈಯನ್ನೇ ಪರದೆಗೆ ಒತ್ತಿ, “ಯವ್ವಾ! ನಮ್ಮಪ್ಪ! ಕಿವ್ಯಾಗಿನ ಒಂಟಿ ನೋಡ್ರಿ, ಅವೇ. ನಮ್ಮಪ್ಪ!” ಎಂದು ಕೂಗಿದರು. ಪರದೆ ಅಂಟಂಟಾಯಿತು. ಅಜ್ಜಿ ಆ ಕೂಸಿನ ಮೇಲೆ ಬೆರಳಿಟ್ಟರು. “ಇದು ನಾನು. ಕೋಲು ಹಿಡಕೊಂಡಿರೋದು ನಾನೇ.”

ಅಷ್ಟರಲ್ಲಿ ನನ್ನ ಹಾಡು ಶುರುವಾಯಿತು. ಅವರು ಬಿಸಿ ಹಂಚು ಮುಟ್ಟಿದವರ ಹಾಗೆ ಕೈ ತೆಗೆದರು.

“ನಿಲ್ಲಿಸ್ರಿ. ನಿಲ್ಲಿಸ್ರಿ ಮೊದ್ಲು.” ನಿಲ್ಲಿಸಿದೆವು. “ಯಾರ್ರೀ ಇದನ್ನ ಹಾಡಿದ್ದು?”

“ನಾನೇ ಅವ್ವಾ.”

“ನಮ್ಮಪ್ಪ ಸತ್ತಿಲ್ಲ ಮೇಷ್ಟ್ರೇ.”

ದುಃಖಕ್ಕೆ ಮಾತು ತಪ್ಪಿದೆ ಎಂದುಕೊಂಡೆ. ಸತ್ತ ಮನೆಯಲ್ಲಿ ಆಡಿ ಆಡಿ ರೂಢಿಯಾದ ಧ್ವನಿಯಲ್ಲಿ, “ಸಾವು ಯಾರನ್ನ ಬಿಟ್ಟೈತೆ ಅವ್ವಾ, ಸಮಾಧಾನ ಮಾಡ್ಕೋರಿ” ಎಂದೆ.

“ನನ್ನ ಬುದ್ಧಿ ನೆಟ್ಟಗೈತೆ. ಈಗ ಸತ್ತಾನೆ, ಇಲ್ಲಾಂತ ಯಾರಂದ್ರು? ಇದ್ರಾಗೆ ಸತ್ತಿಲ್ಲ ಅಂದೆ. ಇದ್ರಾಗೆ ಅವ ಮಳೆಗೆ ಕೂತಿದ್ದ.”

ಆಮೇಲೆ ಅವರು ಹೇಳಿದ್ದನ್ನು ಕೇಳಿ ನಾನು ಜಗಲಿಯ ಕಂಬಕ್ಕೆ ಒರಗಿಬಿಟ್ಟೆ. ಆ ವರ್ಷ ಮುಂಗಾರು ಕೈಕೊಟ್ಟಿತ್ತಂತೆ. ಕಪ್ಪೆಗೆ ಮದುವೆ ಮಾಡಿದರು, ಕತ್ತೆಗೆ ಮದುವೆ ಮಾಡಿದರು, ಹನಿ ಬೀಳಲಿಲ್ಲ. ಕೊನೆಗೆ ಊರ ಹಿರಿಯರು, ಬದುಕಿದ್ದವನನ್ನು ಸತ್ತವನ ಹಾಗೆ ಮೆರವಣಿಗೆ ಮಾಡಿ ಊರ ಹೊರಗೆ ಒಯ್ದರೆ ಮಳೆರಾಯನಿಗೆ ಕನಿಕರ ಬರುತ್ತದೆ ಎಂದರು. ಈ ಪದ್ಧತಿ ಉಂಟು ಎಂದು ನಾನೂ ಕೇಳಿದ್ದೆ. ಕೇಳಿದ್ದೆ ಅಷ್ಟೇ, ಚಿತ್ರ ನೋಡುವಾಗ ನೆನಪಾಗಲಿಲ್ಲ.

“ಯಾರೂ ಕೂರಾಕೆ ಒಪ್ಪಲಿಲ್ಲ. ನಮ್ಮಪ್ಪ ಭಜನೇಲಿ ತಾಳ ಬಡಿಯೋನು. ‘ನಾನು ಕೂರ್ತೀನಿ ಬಿಡ್ರಿ, ದಿನಾ ನಡೆದು ನಡೆದು ಸಾಕಾಗೈತೆ, ಒಂದಿನ ಹೆಗಲ ಮೇಲೆ ಹೋಗ್ತೀನಿ’ ಅಂದನಂತೆ. ಎಲ್ಲಾ ಖರೇ ಸಾವಿನಂಗೇ ಆಗಬೇಕು, ಯಾರೂ ನಗಬಾರ್ದು ಅಂತ ಹೇಳಿದ್ರು. ಹೆಂಗಸರಿಗೆ ತಡಿಯಾಕೆ ಆಗ್ಲಿಲ್ಲ. ನೋಡ್ರಿಲ್ಲಿ, ಇವಳು ನಮ್ಮ ಚಿಗವ್ವ, ಹೆಂಗೆ ನಗ್ತಾಳೆ.”

ಚಿಗವ್ವ ಭುಜ ಕುಣಿಸುತ್ತಿದ್ದಳು. ಪಕ್ಕದವಳಿಗೆ ಮೊಣಕೈಯಿಂದ ತಿವಿಯುತ್ತಿದ್ದಳು. ಮನೆಗೆ ಹೋಗಿ ಹೆಂಡತಿಗೆ ಏನು ಹೇಳಲಿ ಎಂದು ಯೋಚನೆಯಾಯಿತು.

“ಮಳೆ ಬಂತಾ ಅವ್ವಾ?” ಲೆಕ್ಚರರ್ ಕೇಳಿದರು.

“ಮೂರನೇ ದಿನ ಬಂತು. ಕೆರೆ ತುಂಬ್ತು. ನಮ್ಮಪ್ಪ ಮಾತ್ರ ಯುಗಾದಿ ನೋಡ್ಲಿಲ್ಲ. ಕೂಲಿ ಕೆಲಸಕ್ಕೆ ಅಂತ ದೂರ ಹೋಗಿದ್ದ, ಅಲ್ಲೇ ಜ್ವರ ಬಂದು ಹೋಗಿಬಿಟ್ಟ. ನಮಗೆ ಸುದ್ದಿ ಬರೋ ಹೊತ್ತಿಗೆ ಯಾರೋ ಪುಣ್ಯಾತ್ಮರು ಮಣ್ಣು ಮಾಡಿದ್ರು. ವಿಮಾನ ಇಲ್ಲ, ಸಮಾಳ ಇಲ್ಲ, ಪದ ಇಲ್ಲ.” ಅಜ್ಜಿ ಬೀಜದ ಮೊರವನ್ನು ಆಚೆ ಸರಿಸಿದರು. “ನಮ್ಮವ್ವ ಸಾಯೋತನಕ ಒಂದೇ ಮಾತು ಹೇಳಿದ್ಲು. ಬದುಕಿರೋ ಗಂಡಂಗೆ ಸತ್ತೋರ ಪದ ಹಾಡಿ, ಸಾವಿಗೆ ನಮ್ಮನೆ ದಾರಿ ತೋರಿಸಿದ್ರು ಅಂತ. ಅದಕ್ಕೇ ನಮ್ಮನ್ಯಾಗೆ ಯಾರು ಸತ್ರೂ ಆ ಪದ ಹಾಡ್ಸಿಲ್ಲ. ನಮ್ಮವ್ವಂಗೂ ಹಾಡ್ಸಿಲ್ಲ. ಈಗ ನೀವು ಅದೇ ಪದ ಮತ್ತೆ ನಮ್ಮಪ್ಪನ ಮೇಲೆ ಹಾಡೀರಿ.”

ಅವತ್ತು ಆ ದಾರಿಯಲ್ಲಿ ನಿಜವಾಗಿ ಹಾಡಿದ್ದು ಅದೇ ಪದ. ಹಾಗಾದರೆ ಚಿತ್ರಕ್ಕೆ ನಾನು ಹಾಕಿದ ಹಾಡು ಸರಿ. ಆದರೆ ಆ ಮನುಷ್ಯ ಬದುಕಿದ್ದಾನೆ, ಹಾಗಾಗಿ ತಪ್ಪು. ಬದುಕಿದ್ದಾಗ ಹಾಡಿದರು, ಸತ್ತಾಗ ಹಾಡಲಿಲ್ಲ. ಈಗ ಅವನು ಸತ್ತು ಅರವತ್ತು ವರ್ಷದ ಮೇಲಾಗಿದೆ, ಹಾಗಾಗಿ ಮತ್ತೆ ಸರಿಯೋ? ಪರದೆಯ ಮೇಲೆ ಇನ್ನೂ ಬದುಕಿದ್ದಾನಲ್ಲ, ಹಾಗಾಗಿ ಮತ್ತೆ ತಪ್ಪೋ?

“ತೋರಿಸಬೇಡಿ ಅಂದ್ರೆ ಬಿಟ್ಟುಬಿಡ್ತೀವಿ ಅವ್ವಾ” ಎಂದೆ.

“ಅಯ್ಯ, ತೋರಿಸ್ರಿ! ಅವನ ಫೋಟೋ ಒಂದೂ ಇಲ್ಲ ನನ್ನ ಹತ್ರ. ನಾನೂ ಬರ್ತೀನಿ ನೋಡಾಕೆ. ಆ ಪದ ಒಂದು ತೆಗೀರಿ.” ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡು ಹೇಳಿದರು. “ಮಂದಿ ನಗೋ ಅಂಥದ್ದೂ ಹಾಕಬ್ಯಾಡ್ರಿ. ಊರಿಗೆ ಮಳೆ ತರಾಕೆ ಕೂತಿದ್ದ ಅವ.”

ಬರುವ ದಾರಿಯಲ್ಲಿ ಲೆಕ್ಚರರಿಗೆ ಹಿಡಿಸಲಾರದಷ್ಟು ಉತ್ಸಾಹ. “ಅಣಕು ಶವಯಾತ್ರೆ! ಎಂಥಾದ್ದು ಸಿಕ್ತು ಮೇಷ್ಟ್ರೇ! ಒಂದು ತಮಾಷೆ ಮ್ಯೂಸಿಕ್ ಹಾಕಿದ್ರೆ ಹಾಲ್ ಎದ್ದು ಕುಣೀತೈತೆ” ಎಂದರು. ಅಜ್ಜಿ ಆಡಿದ ಮಾತು ಅವರ ಕಿವಿಗೂ ಬಿದ್ದಿತ್ತು, ಆದರೂ. ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಭಾನುವಾರಕ್ಕೆ ಎಂಟು ದಿನ ಉಳಿದಿತ್ತು. ಆ ಎಂಟು ದಿನ ನಾನು ಮನುಷ್ಯನಾಗಿರಲಿಲ್ಲ. ಶಹನಾಯಿ ಹಾಕಿ ನೋಡಿದೆ, ಕೂತವನು ಮದುಮಗನಾದ. ಡೊಳ್ಳು ಹಾಕಿದೆ, ದೇವರಾದ. ಕೊಳಲು ಹಾಕಿದರೆ ನಿದ್ದೆ ಹೋದವನಾದ. ಮಳೆಯ ರಾಗ ನುಡಿಸಿ ನೋಡಿದೆ. ಆ ಬಿರುಕುಬಿಟ್ಟ ನೆಲದ ಮೇಲೆ ಅದು ಸುಳ್ಳು ಹೇಳಿದಂತಾಯಿತು. ಲೆಕ್ಚರರ ಆಸೆಗೆಂದು ತಮಾಷೆಯದನ್ನೂ ಒಂದು ಸಲ ಸೇರಿಸಿ ನೋಡಿದೆ. ಕೋಲು ಹಿಡಿದು ನಡೆಯುವ ಕೂಸಿನ ಮುಖ ಕಂಡು ನಾಚಿಕೆಯಾಗಿ ಅಳಿಸಿದೆ. ನಾನು ಬೇರೆ ಬೇರೆ ಬಾರಿಸಿದ ಹಾಗೆಲ್ಲ ಅದೇ ಮುಖ ಬೇರೆ ಬೇರೆ ಕಾಣುತ್ತಿತ್ತು. ಹಾಗಾದರೆ ನಲವತ್ತು ವರ್ಷ ನಾನು ಹಾಡಿದ್ದನ್ನು ಕೇಳಿ ಅತ್ತವರು ಸತ್ತವರಿಗಾಗಿ ಅತ್ತರೋ, ನನ್ನ ಹಾರ್ಮೋನಿಯಮ್ಮಿಗೆ ಅತ್ತರೋ ಎಂಬ ಬೇಡದ ಯೋಚನೆಯೂ ಬಂತು. ಆ ವಾರ ಒಂದು ಸಾವಿನ ಮನೆಗೆ ಕರೆದರು. ಮೈ ಸರಿಯಿಲ್ಲ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಜನ್ಮದಲ್ಲಿ ಮೊದಲ ಸಲ.

ಗುರುವಾರ ಬೆಳಿಗ್ಗೆ ಎಲ್ಲ ಶಬ್ದ ಬಂದ್ ಮಾಡಿ, ಬರೀ ಚಿತ್ರ ಓಡಿಸಿಕೊಂಡು ಕೂತೆ. ಮೊದಲು ಸಿಕ್ಕಿದ್ದ ಆ ಲಯವಾದರೂ ನಿಜವೋ, ಅದೂ ನನ್ನ ಭ್ರಮೆಯೋ ನೋಡೋಣ ಎಂದು ಮೊಣಕಾಲಿನ ಮೇಲೆ ಬೆರಳು ಬಡಿಯುತ್ತಿದ್ದೆ. ಹೆಂಡತಿ ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನಗುವ ಹೆಂಗಸಿನ ವಿಷಯದಲ್ಲಿ ಗೆದ್ದ ಮೇಲೆ ಅವಳಿಗೆ ಚಿತ್ರದ ಮೇಲೆ ಅಧಿಕಾರ ಬಂದುಬಿಟ್ಟಿತ್ತು.

“ನೀವೂ ಅವನೂ ಒಂದೇ ತರ ಬಡೀತೀರಲ್ರೀ” ಎಂದಳು.

“ಯಾರು?”

“ಅವನೇ, ಮ್ಯಾಲೆ ಕೂತಿರೋನು.”

ನಾನು ಬೆರಳು ನಿಲ್ಲಿಸಿದೆ. ಪರದೆಯ ಮೇಲೆ ಬೆರಳು ನಿಲ್ಲಲಿಲ್ಲ. ಚೆಂಡುಹೂವಿನ ಹಾರದ ಕೆಳಗೆ, ಬಲ ಮೊಣಕಾಲಿನ ಮೇಲೆ, ಅವನ ತೋರುಬೆರಳು ಎದ್ದು ಬೀಳುತ್ತಿತ್ತು. ಮುಖ ಕಲ್ಲಿನ ಹಾಗೆ, ರೆಪ್ಪೆಯೂ ಅಲುಗುವುದಿಲ್ಲ, ಬೆರಳು ಮಾತ್ರ. ಮುಂದೆ ಭಜನೆಯವರಲ್ಲಿ ಅವನ ಬದಲಿಗೆ ತಾಳ ಹಿಡಿದು ನಡೆಯುವವನ ಕೈ ನೋಡಿದೆ. ಆ ಪುಣ್ಯಾತ್ಮ ಪ್ರತಿ ಸಲ ಒಂದು ಚೂರು ತಡವಾಗಿ ಬಡಿಯುತ್ತಾನೆ. ಮೇಲೆ ಕೂತವನಿಗೆ ತಡೆಯಲಾಗಿಲ್ಲ. ಸತ್ತವನಾಗಿ ಕೂರುವುದಕ್ಕೆ ಒಪ್ಪಿದ್ದ, ತಾಳ ತಪ್ಪುವುದನ್ನು ಕೇಳಿಕೊಂಡು ಕೂರುವುದಕ್ಕೆ ಒಪ್ಪಿರಲಿಲ್ಲ. ನಾಲ್ಕು ದಿನ ಒದ್ದಾಡಿ ನಾನು ಹಿಡಿದ ಲಯ, ನನ್ನ ಅನುಭವ ಎಂದು ಕೊಚ್ಚಿಕೊಂಡ ಲಯ, ಅವನದು. ಸತ್ತವನೆಂದು ನಾನು ಹಾಡಿದ ಹಾಡಿಗೆ ತಾಳ ಹಾಕಿದವನು ಅವನೇ.

ಅಜ್ಜಿಯ ಮಗನ ನಂಬರು ಇತ್ತು. ಫೋನು ಮಾಡಿ ಅವರ ಕೈಗೆ ಕೊಡಿಸಿದೆ. ಹೇಳಿದೆ.

“ಬೆರಳು ಆಡಿಸ್ತಾನಾ?” ಎಂದರು. ಆಮೇಲೆ ಬಹಳ ಹೊತ್ತು ಉಸಿರಿನ ಸದ್ದು ಬಂತು. ನಗುತ್ತಿದ್ದರೋ ಅಳುತ್ತಿದ್ದರೋ ಫೋನಿನಲ್ಲಿ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ನಾನು ಎಲ್ಲವನ್ನೂ ತೆಗೆದುಹಾಕಿದೆ. ಹಾಡು ಇಲ್ಲ, ಹಾರ್ಮೋನಿಯಂ ಇಲ್ಲ. ಮನೆಯಲ್ಲಿದ್ದ ಹಿತ್ತಾಳೆಯ ತಾಳ ತೆಗೆದು, ಆ ಬೆರಳು ಬಿದ್ದಾಗಲೆಲ್ಲ ಒಂದೊಂದು ಪೆಟ್ಟು ಸೇರಿಸಿದೆ. ಎರಡೂಮುಕ್ಕಾಲು ನಿಮಿಷ, ಬರೀ ಅಷ್ಟೇ. ಲೆಕ್ಚರರ್ ಕೇಳಿ, “ಇದೇನು ಮೇಷ್ಟ್ರೇ, ಸಂಗೀತನೇ ಇಲ್ವಲ್ಲ” ಎಂದರು. “ಐತೆ, ಅವನೇ ಮಾಡಿಟ್ಟು ಹೋಗ್ಯಾನೆ” ಎಂದೆ. ಅವರು ಒಪ್ಪಲಿಲ್ಲ, ಬಿಡಲೂ ಇಲ್ಲ. ಹೊಸದು ಮಾಡಿಸಲು ಹೊತ್ತಿರಲಿಲ್ಲ ಅಷ್ಟೇ.

ಭಾನುವಾರ ಹನ್ನೊಂದು ಗಂಟೆಗೆ ಹೊನ್ನಾಳಿಯ ಸಭಾಭವನ ತುಂಬಿತ್ತು. ಅಜ್ಜಿಯನ್ನು ಮಗ ಕರೆತಂದಿದ್ದ. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತರು. ಮೊದಲ ಮೂರು ಚಿತ್ರಕ್ಕೂ ನಾನು ಅಲ್ಲೇ ಕೂತು ಒಂದಷ್ಟು ಹಾರ್ಮೋನಿಯಂ ನುಡಿಸಿದೆ. ದೋಣಿ ಹತ್ತಲು ಒಲ್ಲದ ಎಮ್ಮೆಗೆ ಹೊನ್ನಾಳಿಯವರು ಚಪ್ಪಾಳೆ ತಟ್ಟಿದರು. ನ್ಯಾಮತಿಯ ಕಡೆಯಿಂದ ಬಂದ ಒಬ್ಬರು ಬಳೆಗಾರನನ್ನು ನೋಡಿ, ಆ ಅಂಗಡಿ ಈಗಲೂ ಐತೆ ಎಂದು ಕೂಗಿದರು.

ಜಗಳೂರಿನದು ಶುರುವಾಯಿತು. ಕತ್ತಲಲ್ಲಿ ತಾಳದ ಒಂದೊಂದೇ ಪೆಟ್ಟು. ವಿಮಾನ ಕಾಣಿಸುತ್ತಲೇ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ತಿರುಗಿ ನೋಡಿದೆ. ಜನ ಚಪ್ಪಲಿ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಬೀದಿಯಲ್ಲಿ ಹೆಣ ಹೋದರೆ ನಿಲ್ಲುತ್ತಾರಲ್ಲ, ಹಾಗೆ. ಅಜ್ಜಿಯ ಕಡೆ ನೋಡಲಾಗಲಿಲ್ಲ. ನಿಂತವರಿಗೆ ಕೂಗಿ ಹೇಳಲೇ, ಬೇಡವೇ? ಹೇಳಿದರೆ ನಗುತ್ತಾರೆ. ಹೇಳದಿದ್ದರೆ ಈ ಹೆಂಗಸಿನ ಎದುರು ಅವರಪ್ಪನನ್ನು ಇನ್ನೊಂದು ಸಲ ಸಾಯಿಸುತ್ತಾರೆ.

ತಾಳ ನಡೆದೇ ಇತ್ತು. ಬಡಿಯುವವನ ಕೈಗೂ ಈ ಪೆಟ್ಟಿಗೂ ಕೂಡುವುದಿಲ್ಲ ಎಂದು ಯಾರಿಗೋ ಅನ್ನಿಸಿರಬೇಕು. ಎಲ್ಲಿಂದ ಬರುತ್ತದೆ ಎಂದು ಹುಡುಕಿರಬೇಕು. ನಡುವಿನ ಸಾಲಿನಿಂದ ಒಂದು ಗಂಡುದನಿ, “ಏ, ಬೆರಳು ನೋಡ್ರೋ! ಜೀವ ಐತೆ ಅವಂಗೆ!” ಎಂದು ಕೂಗಿತು.

ಹಾಲಿನ ತುಂಬ ಗುಜುಗುಜು. ಎಲ್ಲಿ, ಎಲ್ಲಿ ಎಂದರು. ಕಂಡವರು ಕಾಣದವರಿಗೆ ತೋರಿಸಿದರು. ನಗು ಬಂತು, ಆದರೆ ನಾನು ಹೆದರಿದ್ದ ನಗು ಅಲ್ಲ. ಕಳೆದುಹೋದ ಕರು ತಾನಾಗಿ ಮನೆಗೆ ಬಂದಾಗ ನಗುತ್ತಾರಲ್ಲ, ಅಂಥದ್ದು. ನಿಂತವರು ಕೂರಬೇಕೋ ನಿಂತೇ ಇರಬೇಕೋ ತಿಳಿಯದೆ ಅರ್ಧ ಬಗ್ಗಿ ನಿಂತಿದ್ದರು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಭುಜ ಕುಣಿಯುತ್ತಿತ್ತು. ಈ ಸಲ ನಾನು ಅದೇನೆಂದು ತೀರ್ಮಾನ ಮಾಡಲು ಹೋಗಲಿಲ್ಲ.

ದಾರಿ ತಿರುಗಿತು. ವಿಮಾನ ಮರೆಯಾಯಿತು. ಪರದೆ ಬೆಳ್ಳಗಾಯಿತು.

ಯಾರೋ ದೀಪ ಹಾಕಿದರು. ಲೆಕ್ಚರರ್ ವಂದನಾರ್ಪಣೆಗೆ ಮೈಕು ಹಿಡಿದರು. ಅಜ್ಜಿ ನನ್ನ ತೋಳು ಮುಟ್ಟಿದರು.

“ಮುಗೀತಾ ಮೇಷ್ಟ್ರೇ?”

“ಮುಗೀತು ಅವ್ವಾ.”

“ಅವ ಹೋದನಾ?”

ಪರದೆಯ ಕಡೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ. “ಹೋದ” ಎಂದೆ.

“ಹಂಗಾದ್ರೆ ಈಗ ಹಾಡ್ರಿ ಆ ಪದ. ನಮ್ಮವ್ವಂದೂ ಸೇರಿಸಿ ಹಾಡ್ರಿ.”

ತಡೆಯಿರಿ ಎಂದು ಲೆಕ್ಚರರಿಗೆ ಕೈಸನ್ನೆ ಮಾಡಿದೆ. ಅವರು ಅರ್ಥವಾಗದೆ ಮೈಕು ಹಿಡಿದುಕೊಂಡೇ ನಿಂತರು. ಕೆಲವರು ಆಗಲೇ ಬಾಗಿಲಿನ ಕಡೆ ಹೊರಟಿದ್ದರು. ನಾನು ಹಾರ್ಮೋನಿಯಂ ಎಳೆದುಕೊಂಡು, ತಿದಿ ಒತ್ತಿ, ಬೆರಳಿಟ್ಟು ಕೂತೆ. ನಲವತ್ತು ವರ್ಷ ಹಾಡಿದ ಪದ, ಯಾವ ಲಯದಲ್ಲಿ ಶುರು ಮಾಡಬೇಕು ಎಂದು ಹೊಳೆಯಲಿಲ್ಲ. ಪಕ್ಕಕ್ಕೆ ನೋಡಿದೆ. ಅಜ್ಜಿ ಕಣ್ಣು ಮುಚ್ಚಿ ಕೂತಿದ್ದರು. ಅವರ ಬಲಗೈಯ ತೋರುಬೆರಳು ಮೊಣಕಾಲಿನ ಮೇಲೆ ಆಗಲೇ ಎದ್ದು ಬೀಳುತ್ತಿತ್ತು. ನಾನು ಅದನ್ನು ನೋಡಿಕೊಂಡು ಹಾಡಿದೆ.